ಮೆಂತ್ಯದ ಜೊತೆ ನೆನೆದ ಮಾತು

ನೆನೆದ ಮೆಂತ್ಯ ರುಬ್ಬುವ ವಾಸನೆ ಬಂದರೆ ನನಗೆ ದೋಸೆ ನೆನಪಾಗುವುದಿಲ್ಲ, ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಿಲು ನೆನಪಾಗುತ್ತದೆ. ಪರೀಕ್ಷೆ ಮುಗಿದ ವಾರಕ್ಕೆ ಅಮ್ಮ ನಮ್ಮ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಹರಿದು ಹಂಡೆಯಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ ಒರಳಿನಲ್ಲಿ ರುಬ್ಬಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಬಿಸಿಲಿಗಿಡುತ್ತಿದ್ದಳು. ಒಣಗಿದರೆ ಗಟ್ಟಿ ಕಾಗದದ ಬುಟ್ಟಿ. ಇಂಥ ಬುಟ್ಟಿ ನಿಮ್ಮ ಮನೆಯಲ್ಲೂ ಇದ್ದಿರಬೇಕು. ವರ್ಷವಿಡೀ ನಾವು ಬರೆದ ಮಗ್ಗಿ, ಕಾಪಿ ಎಲ್ಲ ಕೊನೆಗೆ ಬೆಳ್ಳುಳ್ಳಿ ತುಂಬಿಡಲು ಆಗುತ್ತಿತ್ತು.

ಆ ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡಪ್ಪ ಇದ್ದರು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಕಲಿತು, ದಕ್ಷಿಣ ಅಮೆರಿಕದ ಪೆರು ದೇಶದ ಗಣಿಯೊಂದಕ್ಕೆ ಹೋಗಿ, ಹದಿನಾಲ್ಕು ವರ್ಷ ಇದ್ದು ಒಬ್ಬರೇ ಹಿಂದಿರುಗಿದವರು. ಅಲ್ಲಿ ಅವರಿಗೆ ಹೆಂಡತಿಯಿದ್ದು ತೀರಿಕೊಂಡಿದ್ದಳೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಆಕೆಯ ಮಾತೆತ್ತುತ್ತಿರಲಿಲ್ಲ. ಆಕೆಯ ಕೆಚುವಾ ಭಾಷೆ ದೊಡ್ಡಪ್ಪನ ಬಾಯಲ್ಲಿ ಉಳಿದಿತ್ತು, ಆಡಲು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಮರೆತುಹೋದೀತೆಂದು ನಗರ್ತಪೇಟೆಯಿಂದ ತಂದ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿಟ್ಟು, ಸಂಜೆ ಜಗುಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಉನು ಎಂದರೆ ನೀರು. ವಸಿ ಎಂದರೆ ಮನೆ, ವಸಿಪಿ ಎಂದರೆ ಮನೆಯಲ್ಲಿ. ನಮ್ಮ ಹಾಗೆಯೇ ಅವರೂ ಪದದ ಹಿಂದೆ ಬಾಲ ಸೇರಿಸುತ್ತಾರೆ. ಕಣ್ಣಾರೆ ಕಂಡದ್ದನ್ನು ಹೇಳಲು ಒಂದು ಬಾಲ, ಯಾರೋ ಹೇಳಿ ಕೇಳಿದ್ದಕ್ಕೆ ಬೇರೊಂದು. ಒಂದು ಕಕಾರವಂತೂ ಕಿರುನಾಲಿಗೆಯ ಹತ್ತಿರದಿಂದ ಹೊರಡಬೇಕು. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲದೆ ದೊಡ್ಡಪ್ಪ ಕ ಬರೆದು ಕೆಳಗೆ ಚುಕ್ಕಿ ಇಟ್ಟಿದ್ದರು. ನಾನು ಆ ಸದ್ದು ಮಾಡಿದರೆ ಗಂಟಲಲ್ಲಿ ಚಕ್ಕುಲಿ ಸಿಕ್ಕಿದೆಯೆಂದು ಬೀದಿಯ ಹುಡುಗಿಯರು ನಗುತ್ತಿದ್ದರು.

"ನೀನೊಬ್ಳು ಕಲ್ತ್ಕೊಂಡ್ರೆ ಸಾಕು ಪುಟ್ಟಿ," ಎನ್ನುತ್ತಿದ್ದರು ದೊಡ್ಡಪ್ಪ. "ನಾನು ಮಾತಾಡಿದ್ದು ಒಬ್ರಿಗಾದ್ರೂ ಅರ್ಥ ಆಗತ್ತೆ."

ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಬುಟ್ಟಿಗೆ ಕಾಗದ ಸಾಲದೆ, ಇನ್ನೊಂದು ನೋಟ್‌ಬುಕ್ ಇದ್ದರೆ ತಾ ಎಂದು ಅಮ್ಮ ಕೂಗಿದಳು. ಹೊರಗೆ ಕುಂಟೆಬಿಲ್ಲೆಗೆ ಗೆಳತಿಯರು ಕಾಯುತ್ತಿದ್ದರು, ಪಾಠವೂ ನನಗೆ ಸಾಕಾಗಿ ಹೋಗಿತ್ತು. ಓದಿಕೋ ಎಂದು ದೊಡ್ಡಪ್ಪ ನನ್ನ ಕೈಗೆ ಕೊಟ್ಟಿದ್ದ ನೋಟ್‌ಬುಕ್ಕನ್ನು, ತಿಳಿದೂ ತಿಳಿದೂ, ಹರಿದು ಹಂಡೆಗೆ ಹಾಕಿ ಓಡಿದೆ. ಸಂಜೆ ಅವರು ಕೇಳಿದಾಗ ಅಮ್ಮನೇ ಗೊತ್ತಿಲ್ಲದೆ ಹರಿದುಬಿಟ್ಟಳು ಎಂದೆ. ಅಮ್ಮ ನನ್ನನ್ನೊಮ್ಮೆ ನೋಡಿ ಒರಳು ತೊಳೆಯತೊಡಗಿದಳು. ದೊಡ್ಡಪ್ಪ ಹಂಡೆಗೆ ಕೈ ಹಾಕಿದರು. ಶಾಯಿ ಬಿಟ್ಟು ನೀರೆಲ್ಲ ನೀಲಿಯಾಗಿತ್ತು. ಅವರು ಮತ್ತೆ ಬರೆಯಲಿಲ್ಲ, ನನ್ನನ್ನು ಜಗುಲಿಗೆ ಕರೆಯಲೂ ಇಲ್ಲ. ನನಗೆ ಆಗ ಖುಷಿಯೇ ಆಗಿತ್ತು, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆರು ವರ್ಷದ ಮೇಲೆ ಒಂದು ಬೆಳಿಗ್ಗೆ, ಹಾಸಿಗೆ ಹಿಡಿದು ಮಾತು ನಿಂತೇಹೋಗಿದ್ದ ದೊಡ್ಡಪ್ಪ ಇದ್ದಕ್ಕಿದ್ದಂತೆ ಆ ಭಾಷೆಯಲ್ಲಿ ಮಾತಾಡತೊಡಗಿದರು. ಕಿರುನಾಲಿಗೆಯ ಆ ಕಕಾರ ಸ್ಪಷ್ಟವಾಗಿ ಕೇಳುತ್ತಿತ್ತು. ಮನೆಮಂದಿಯೆಲ್ಲ ನನ್ನ ಮುಖ ನೋಡಿದರು.

"ಏನಂತಿದಾರೆ? ನೀರು ಕೇಳ್ತಿದಾರಾ?" ಎಂದಳು ಅಮ್ಮ.

ನನಗೆ ನೆನಪುಳಿದಿದ್ದ ನಾಲ್ಕೈದು ಪದಗಳಲ್ಲಿ ಉನು ಒಂದು. ಬಗ್ಗಿ ಕಿವಿಗೊಟ್ಟೆ. ಅವರ ಮಾತಿನಲ್ಲಿ ಅದು ಇರಲಿಲ್ಲ. ಆದರೂ ಅಮ್ಮನಿಗೆ ಹೂಂ ಎಂದೆ. ಅಮ್ಮ ಚಮಚದಲ್ಲಿ ನೀರು ಬಿಟ್ಟಳು. ದೊಡ್ಡಪ್ಪ ಹೇಳುತ್ತಿದ್ದುದನ್ನು ನಿಲ್ಲಿಸಿ, ನನ್ನನ್ನೇ ನೋಡುತ್ತ ಕುಡಿದರು.