ಇಟ್ಟಂಗಿ ಅಕ್ಷರ

ಮೊನ್ನೆ ಕಪ್ಪು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿದಾಗ ಟರ್ಪೆಂಟೈನ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಹುಮನಾಬಾದದ ಆ ಪೇಂಟರ್ ನೆನಪಾದ…

ಬಸವಕಲ್ಯಾಣದಲ್ಲಿ ನಾನೂ ಬೋರ್ಡು ಬರೆಯುವವನೇ. ನನ್ನ ಅಕ್ಷರಗಳು ಸಣ್ಣಗೆ, ಬಳುಕುತ್ತ, ಬಾಲ ಸುತ್ತಿಕೊಂಡು ಇರುತ್ತಿದ್ದವು. ಜನ ಛಂದ ಎನ್ನುತ್ತಿದ್ದರು, ಗೋಡೆ ಮಾತ್ರ ಅವನಿಗೆ ಕೊಡುತ್ತಿದ್ದರು. ಅವನ ಅಕ್ಷರಕ್ಕೆ ಬಳುಕೇ ಇಲ್ಲ. ಮೇಲಿಂದ ಕೆಳಗೆ ಒಂದೇ ದಪ್ಪ. ಇಂಗ್ಲಿಷ್ ಅಕ್ಷರವಾದರೆ ಪ್ರತಿ ಕಾಲಿಗೂ ಅಷ್ಟೇ ದಪ್ಪದ ಚಪ್ಪಟೆ ಪಾದ. ಕನ್ನಡದ ತಲೆಕಟ್ಟೂ ಹಾಗೆಯೇ. ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆಂದು ಊರವರು ಅದನ್ನು ಇಟ್ಟಂಗಿ ಅಕ್ಷರ ಎನ್ನುತ್ತಿದ್ದರು. ಸಿಮೆಂಟಿನ ಅಂಗಡಿ, ಟ್ರ್ಯಾಕ್ಟರ್ ಟ್ರಾಲಿಯ ಹಿಂಭಾಗ, ಎಲ್ಲಿ ನೋಡಿದರೂ ಅವೇ.

ನನ್ನ ಸ್ವಂತ ಅಣ್ಣ ಬೀಜ-ಗೊಬ್ಬರದ ಅಂಗಡಿ ತೆರೆದಾಗ ಕರೆಸಿದ್ದೂ ಅವನನ್ನೇ.

“ನಿನ್ನವು ಛಂದ ಅದಾವ. ಆದ್ರ ಬಸ್ಸಿನ್ಯಾಗ ಹೊಂಟವ್ರಿಗಿ ಕಾಣಬೇಕಲ್ಲ,” ಎಂದ ಅಣ್ಣ. ಅಂಗಡಿ ಪೂಜೆಯ ದಿನ ಹೋಳಿಗೆ ಮುಟ್ಟದೆ ಎದ್ದು ಬಂದೆ.

ಹಟಕ್ಕೆ ಬಿದ್ದು ಹುಲಸೂರಿನ ಗಿರಣಿಯ ಗೋಡೆಗೆ ನಾನೂ ಇಟ್ಟಂಗಿ ಅಕ್ಷರ ಬರೆದೆ. ಅವನಿಗಿಂತ ದಪ್ಪ ತಲೆಕಟ್ಟು, ದಪ್ಪ ಪಾದ ಹಾಕಿದೆ. ರಸ್ತೆಗೆ ಹೋಗಿ ನೋಡಿದರೆ ಒಂದರ ಪಾದ ಇನ್ನೊಂದಕ್ಕೆ ತಾಗಿ, ಗೋಡೆಯ ತುಂಬ ಬರೀ ಕಪ್ಪು ಪಟ್ಟಿ. ಆ ಹೊತ್ತಿಗೇ ಆ ಪೇಂಟರ್ ಬಸ್ಸಿನಿಂದ ಇಳಿಯಬೇಕೇ.

“ತಮ್ಮಾ, ಮಗ್ಗಲಿಗಿ ಜಾಗಾ ಬಿಟ್ಟಿಲ್ಲ ನೋಡು. ನಾಳಿ ಬರ್ತೀನಿ, ಇಬ್ರೂ ಕೂಡಿ ಮಾಡೋಣು.”

“ಬ್ಯಾಡ್ರಿ,” ಎಂದು ಸಿಡುಕಿದೆ. ಅವನು ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ನಗಲಿಲ್ಲ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಈ ಮಳೆಗಾಲದಲ್ಲಿ ಅವನು ತೀರಿಕೊಂಡ. ಅಣ್ಣನ ಅಂಗಡಿಯ ಗೋಡೆ ಮಾಸಿತ್ತು. ಇನ್ನಾದರೂ ಅದು ನನ್ನದು ಎಂದುಕೊಂಡು ಹೊಸ ನಮೂನೆ ಬರೆದುಕೊಂಡು ಹೋದೆ.

“ಹೊಸಾದು ಬ್ಯಾಡೋ. ಅವರು ಬರೆದದ್ದರ ಮ್ಯಾಲೇ ತೀಡು,” ಎಂದ ಅಣ್ಣ.

ಈ ವಯಸ್ಸಿನಲ್ಲಿ, ಪಾಟಿಯ ಮೇಲೆ ಮಗು ತೀಡಿದ ಹಾಗೆ! ಸಿಟ್ಟು ನೆತ್ತಿಗೇರಿತು. ಆದರೂ ಏಣಿ ಹತ್ತಿದೆ. ಆ ಗೋಡೆಗೆ ಬೇರೊಬ್ಬ ಕೈ ಹಚ್ಚುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕಡೆಯ ಅಕ್ಷರ ತೀಡುತ್ತಿದ್ದಾಗ ಬೇಮಳಖೇಡದ ರೈತರೊಬ್ಬರು ಕೆಳಗೆ ನಿಂತರು.

“ನಿಮ್ಮ ಅಕ್ಷರ ಏನ್ರಿ? ಬಸ್ಸಿನ್ಯಾಗ ಕುಂತೇ ಓದಿದ್ನಿ.”

ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆ… ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

“ನಂದಲ್ರಿ. ಹುಮನಾಬಾದ ಪೇಂಟರ್‌ದು.”

“ನಮ್ಮ ಟ್ರಾಲಿಗಿ ಬರಸಬೇಕಿತ್ತು. ಎಲ್ಲಿ ಸಿಗ್ತಾರ್ರಿ?”

“ಈಗ ಇಲ್ರಿ.”

ಅವರು ಲೊಚಗುಟ್ಟಿ ಹೊರಟುಹೋದರು. ಬ್ರಷ್ ಹಿಡಿದು ನಿಂತಿದ್ದ ನನ್ನನ್ನು ಕೇಳಲೇ ಇಲ್ಲ.

ಇಳಿದು ರಸ್ತೆಯಾಚೆ ಹೋಗಿ ನೋಡಿದೆ. ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿತ್ತು. ಹೊಟ್ಟೆ ಹಿಂದಿನಂತೆಯೇ ಉರಿಯಿತು. ‘ಬ್ಯಾಡ್ರಿ’ ಎಂದು ಮತ್ತೊಮ್ಮೆ ಸಿಡುಕಲಿಕ್ಕಾದರೂ ಅವನು ಇರಬೇಕಿತ್ತು.