ಎರಡು ದಿನ ಕಮ್ಮಿ

ಹೋದ ವಾರ ಗುರುವಾರ ನಮ್ಮ ಮೆಟ್ಟಿಲ ತಿರುವಿನಲ್ಲಿ ಯಾರೋ ಒಂದು ಗೋಣಿ ಚೀಲ ಇಟ್ಟು ಹೋಗಿದ್ದರು. ಕೆಳಮನೆಯವರ ರೇಷನ್ ಅಕ್ಕಿ ಇರಬೇಕು. ಕಾರವಾರದ ಈ ಬಾಡಿಗೆ ಮನೆಯಲ್ಲಿ ನಾನು ಮೊದಲ ಮಹಡಿಯವಳು, ಒಬ್ಬಳೇ. ನೌಕರಿಯಿಂದ ನಿವೃತ್ತಳಾದ ಮೇಲೆ ಸಂಜೆ ಒಂದು ಸಲ ಕಡಲ ತನಕ ನಡೆದು ಬರುವುದು ಬಿಟ್ಟರೆ ಮೆಟ್ಟಿಲಿಗೂ ನನಗೂ ಹೆಚ್ಚಿನ ಸಂಬಂಧವಿಲ್ಲ. ಅವತ್ತು ಚೀಲ ದಾಟಿ ಹೋಗುವಾಗ ಸೆಣಬು, ಧೂಳು, ಹಳೆ ಅಕ್ಕಿ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು ನೋಡಿ, ಕಾಲು ಅಲ್ಲೇ ನಿಂತಿತು. ಕೆಳಮನೆಯಾಕೆ ಬಾಗಿಲು ತೆಗೆದು, "ಏನ್ ಬಾಯೀ, ಮಂಡಿ ನೋವಾ?" ಎಂದರು. ಹೌದು ಎಂದೆ. ಮಂಡಿನೋವು ಬಹಳ ಅನುಕೂಲದ ವಸ್ತು. ಈ ವಯಸ್ಸಿನಲ್ಲಿ ಎಲ್ಲಿ ನಿಂತರೂ ಯಾರೂ ಬೇರೆ ಕಾರಣ ಹುಡುಕುವುದಿಲ್ಲ.

ಆ ವಾಸನೆ ನನ್ನ ಶಾಲೆಯದು. ಬೇರೆಯವರು ತಮ್ಮ ಶಾಲೆಯನ್ನು ಸೀಮೆಸುಣ್ಣ, ಹೊಸ ಪುಸ್ತಕ ಅಂತ ಚಂದದ ವಾಸನೆಗಳಿಂದ ನೆನೆಯುತ್ತಾರೆ. ನನ್ನ ಪಾಲಿಗೆ ಬಂದದ್ದು ಗೋಣಿ ಚೀಲ. ಅಂಕೋಲೆಯಿಂದ ಒಳಕ್ಕೆ, ಅಗಸೂರಿನ ಆಚೆ ಬಸ್ಸಿಳಿದು, ಗದ್ದೆ ಬದುವಿನ ಮೇಲೆ ಇಪ್ಪತ್ತು ನಿಮಿಷ ನಡೆದರೆ ಒಂದು ಕೊಪ್ಪ. ಒಂದೇ ಜಾತಿಯ ಮೂವತ್ತು ನಲವತ್ತು ಮನೆ ಒತ್ತಾಗಿ ಕಟ್ಟಿಕೊಂಡ ಕೇರಿಗೆ ಆ ಕಡೆ ಕೊಪ್ಪ ಅನ್ನುತ್ತಾರೆ. ಹೆಸರು ಬೇಡ ಬಿಡಿ, ಅಲ್ಲಿಯವರು ಈಗಲೂ ಇದ್ದಾರೆ. ತಲೆತಲಾಂತರದಿಂದ ಅದು ಅವರದೇ ಊರು, ಗದ್ದೆ ಮಾತ್ರ ಬೇರೆಯವರದು. ದಿನಗೂಲಿಯ ಮೇಲೆ ಸಂಸಾರ.

ಎಂಬತ್ತರ ದಶಕದ ಕೊನೆಗೆ ದಿಲ್ಲಿ ಸರಕಾರಕ್ಕೆ ಒಬ್ಬರೇ ಮಾಸ್ತರರಿರುವ ಇಂಥ ಬಡ ಶಾಲೆಗಳ ಮೇಲೆ ಕರುಣೆ ಹುಟ್ಟಿತು. ಎರಡನೇ ಕೋಣೆ, ಎರಡನೇ ಶಿಕ್ಷಕರು, ಆದಷ್ಟು ಮಟ್ಟಿಗೆ ಹೆಂಗಸರು, ಜತೆಗೆ ಒಂದು ಪೆಟ್ಟಿಗೆ ತುಂಬ ಪಾಠದ ಸಾಮಾನು ಕೊಡತಕ್ಕದ್ದು ಎಂದು ಹುಕುಂ ಆಯಿತು. ಪೆಟ್ಟಿಗೆ ಮೊದಲು ಬಂತು, ನಾನು ಆಮೇಲೆ. ಕೋಣೆ ಬರುವುದಕ್ಕೆ ನಾಲ್ಕು ವರ್ಷ ಹಿಡಿಯಿತು, ಅಲ್ಲಿಯ ತನಕ ಜಗಲಿಯೇ ನನ್ನ ಕ್ಲಾಸು. ಹೆಡ್ಮಾಸ್ತರರು ಭೂಗೋಳ ಒಂದು, ಭೂತಗನ್ನಡಿ ಎರಡು, ಡೋಲಕ್ ಒಂದು ಎಂದು ದಾಸ್ತಾನು ಪುಸ್ತಕದಲ್ಲಿ ಬರೆಯುತ್ತ ಕೂತಿದ್ದಾಗ ನಾನು ಟ್ರಂಕು ಹಿಡಿದು ಹಾಜರಾದೆ. ಅದೇ ಪಟ್ಟಿಯ ಕೆಳಗೆ ನನ್ನ ಹೆಸರನ್ನೂ ಬರೆಯದೆ ಬಿಟ್ಟದ್ದು ಅವರ ದೊಡ್ಡತನ.

ಮನೆಯಲ್ಲಿ ಕೊಂಕಣಿ ಆಡಿ ಬೆಳೆದ ನನ್ನ ಕನ್ನಡ ರೇಡಿಯೋ ವಾರ್ತೆಯ ಕನ್ನಡ. "ಮಕ್ಕಳೇ, ಈಗ ನಾವು ಪ್ರಾರ್ಥನೆಯನ್ನು ಮಾಡೋಣವೇ?" ಎಂದರೆ ಇಡೀ ಜಗಲಿ ಕಿಸಕ್ ಎನ್ನುತ್ತಿತ್ತು. ಶಾಲೆಯ ಹಿಂದೆ ಒಂದು ಮನೆಯ ಹೊರಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯೊಡತಿಗೆ ಕಿವಿ ಕೇಳದು, ನನಗೆ ಮಾತು ಬಾರದು. ನಮ್ಮಿಬ್ಬರಿಗೂ ಜಗಳವೇ ಆಗಲಿಲ್ಲ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಮರುದಿನ ಬೆಳಿಗ್ಗೆಯ ತನಕ ಒಂದು ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಶನಿವಾರ ಕಾರವಾರದ ಬಸ್ಸು ಹತ್ತಿ ಕಂಡಕ್ಟರನಿಗೆ "ಒಂದು ಕಾರವಾರ" ಎನ್ನುವಾಗ ನನ್ನ ಸ್ವರ ನನಗೇ ಹೊಸದಾಗಿ ಕೇಳಿಸುತ್ತಿತ್ತು. ವಯಸ್ಸು ಮೂವತ್ತಾಯಿತು, ಮೂವತ್ತೈದಾಯಿತು. ಮದುವೆಯ ಮಾತು ಬರುವುದೂ ನಿಂತಿತು.

ಸೋಮಿ ಬಂದದ್ದು ಆಗ. ಒಂದನೇ ತರಗತಿಗೆ ಸೇರಿದ ವರ್ಷದಿಂದಲೇ ಆ ಹುಡುಗಿಗೆ ಎಲ್ಲರಿಗಿಂತ ಅರ್ಧ ತಾಸು ಮೊದಲು ಬರುವ ಚಾಳಿ. ಬಂದು ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು ಊರ ಸುದ್ದಿ ಒಪ್ಪಿಸುತ್ತಿದ್ದಳು. ಯಾರ ಮನೆಯ ಆಕಳು ಈದಿದೆ, ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರ ಮನೆಗೆ ಮಂಜಗುಣಿಯಿಂದ ನೆಂಟರು ಬಂದಿದ್ದಾರೆ. "ನೀವು ಒಬ್ರೇ ಉಂಬುದಾ ಅಕ್ಕೋರೇ?" ಎಂದು ಒಂದು ದಿನ ಕೇಳಿದಳು. ಆ ಕಡೆ ಹೆಣ್ಣು ಶಿಕ್ಷಕರಿಗೆ ಅಕ್ಕೋರು ಅನ್ನುವುದು ರೂಢಿ. ಹೌದು ಎಂದೆ. "ರುಚಿ ಹತ್ತೂದಾ?" ಎಂದಳು.

ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಅವಳು ಓದಿನಲ್ಲಿ ಎಲ್ಲರಿಗಿಂತ ಮುಂದು. ಅವಳ ಮನೆಯಲ್ಲಿ ಅಕ್ಷರ ಓದಿದವರು ಅದುವರೆಗೆ ಯಾರೂ ಇರಲಿಲ್ಲ. ಇದೊಂದನ್ನು ಐದಕ್ಕೆ ರಸ್ತೆಯ ಮೇಲಿನ ದೊಡ್ಡ ಶಾಲೆಗೆ ದಾಟಿಸಿಬಿಟ್ಟರೆ ಮುಂದೆ ಹೈಸ್ಕೂಲು, ಆಮೇಲೆ ಟೀಚರ್ ಟ್ರೇನಿಂಗು, ಹೀಗೆ ಅವಳ ಬದುಕನ್ನು ನಾನು ಕೋಣೆಯಲ್ಲಿ ಕೂತು ನಿವೃತ್ತಿಯ ತನಕ ಮುಗಿಸಿದ್ದೆ. ಮಾಡಲಿಕ್ಕೆ ಬೇರೆ ಕೆಲಸ ಏನಿತ್ತು ಹೇಳಿ.

ಆ ವರ್ಷವೇ ಅಕ್ಕಿ ಬಂತು. ತಿಂಗಳಲ್ಲಿ ನೂರಕ್ಕೆ ಎಂಬತ್ತು ದಿನದ ಲೆಕ್ಕದಲ್ಲಿ ಶಾಲೆಗೆ ಬಂದ ಮಗುವಿಗೆ ಮೂರು ಕಿಲೋ ಅಕ್ಕಿ, ದಿಲ್ಲಿಯ ಖರ್ಚಿನಲ್ಲಿ. ಮಕ್ಕಳು ಕೂಲಿಗೆ ಹೋಗದೆ ಶಾಲೆಗೆ ಬರಲಿ ಎಂದು. ಒಳ್ಳೆಯ ಯೋಜನೆ, ಸುಳ್ಳು ಹೇಳಬಾರದು. ಬಂದದ್ದು ಮಾತ್ರ ಬೆಳ್ಳನೆಯ ಬೆಳ್ತಿಗೆ ಅಕ್ಕಿ. ಕೆಂಪು ಕುಚ್ಚಿಗೆ ಅಕ್ಕಿಯ ಗಂಜಿ ಉಣ್ಣುವ ಕೊಪ್ಪದವರು ಅದನ್ನು ಬೊಗಸೆಯಲ್ಲಿ ಹಿಡಿದು ಅನುಮಾನದಿಂದ ನೋಡಿದರು. "ಇದ್ರ ಗಂಜಿ ಉಂಡ್ರೆ ಗದ್ದಿಗೆ ಹೋಗೂ ತನಕಾನೂ ಹೊಟ್ಟೀಲಿ ನಿಲ್ಲೂದಿಲ್ಲ" ಎಂದು ಒಬ್ಬ ಮುದುಕಿ ತೀರ್ಪು ಕೊಟ್ಟಳು. ಹೆಡ್ಮಾಸ್ತರರು, "ದಿಲ್ಲಿಯವ್ರಿಗೆ ಗಂಜಿ ಗೊತ್ತಿಲ್ಲ ಮಾರಾಯ್ತಿ, ರೊಟ್ಟಿ ಮಾಡಿ ತಿನ್ನು" ಎಂದರು. ಹಾಗೆ ರೊಟ್ಟಿಯಾಯಿತು, ದೋಸೆಯಾಯಿತು. ತಿಂಗಳ ಕೊನೆಗೆ ಮಕ್ಕಳು ಚೀಲ ಹಿಡಿದು ಸಾಲಾಗಿ ನಿಲ್ಲುವುದೇ ಒಂದು ಹಬ್ಬವಾಯಿತು. ಹಾಜರಿ ಪುಸ್ತಕ ನೋಡಿ ಹೆಸರು ಕರೆಯುವ ಕೆಲಸ ನನ್ನದು, ಅಳೆದು ಹಾಕುವುದು ಹೆಡ್ಮಾಸ್ತರರದು.

ಮೂರನೇ ತಿಂಗಳಿಗೆ ಭತ್ತದ ಕೊಯ್ಲು ಬಂತು. ಸೋಮಿಯ ತಾಯಿ ಕೊಯ್ಲಿಗೆ ಹೋದಳು. ಕಂಕುಳ ಕೂಸನ್ನು ನೋಡಿಕೊಳ್ಳಲು ಸೋಮಿ ಮನೆಯಲ್ಲಿ ನಿಂತಳು. ಆ ತಿಂಗಳು ಶಾಲೆ ನಡೆದದ್ದು ಇಪ್ಪತ್ತೈದು ದಿನ, ಬೇಕಾದದ್ದು ಇಪ್ಪತ್ತು, ಅವಳು ಬಂದದ್ದು ಹದಿನೆಂಟು. ಹೆಡ್ಮಾಸ್ತರರು ನನ್ನ ಹೆಗಲ ಮೇಲಿಂದ ಇಣುಕಿ, "ಎರಡು ಹಾಜರಿ ಗೀಟು ಎಳೀರಿ ಅಕ್ಕೋರೇ, ದಿಲ್ಲಿ ಏನು ಮುಳುಗೂದಿಲ್ಲ" ಎಂದರು. ನಾನು ಎಳೆಯಲಿಲ್ಲ. ನಿಯಮ ಅಂದರೆ ನಿಯಮ, ಒಂದು ತಿಂಗಳು ಅಕ್ಕಿ ತಪ್ಪಿದರೆ ತಾಯಿಗೆ ಬುದ್ಧಿ ಬಂದು ಮುಂದಿನ ತಿಂಗಳು ಸರಿಯಾಗಿ ಕಳಿಸುತ್ತಾಳೆ ಎಂದೆ. ಸಾಲಿನಲ್ಲಿ ಸೋಮಿಯ ಸರದಿ ಬಂದಾಗ, "ಎರಡು ದಿನ ಕಮ್ಮಿ. ಮುಂದಿನವರು ಬರಲಿ" ಎಂದೆ. ಅವಳು ಖಾಲಿ ಚೀಲವನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು, ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಮರುದಿನ ಅವಳು ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಹದಿನೈದು ದಿನ ನೋಡಿ ನಾನೇ ಅವರ ಮನೆಗೆ ಹೋದೆ. ಕೊಯ್ಲು ಮುಗಿದಿತ್ತು, ತಾಯಿ ಅಂಗಳ ಸಾರಿಸುತ್ತಿದ್ದಳು. ಸೋಮಿ ಕಾಣಲಿಲ್ಲ. ಒಳಗೆ ಮಾತ್ರ ಯಾರೋ ಸರಿದಾಡಿದ ಸದ್ದು. ತಾಯಿ ಕೈ ತೊಳೆದು ಬಂದು, "ಆಸ್ರಿ ಕುಡೀರಿ ಅಕ್ಕೋರೇ" ಎಂದು ಬೆಲ್ಲ, ನೀರು ತಂದಿಟ್ಟಳು. ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದೆ. ಅವಳು ಬೆಲ್ಲವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು.

"ನಮ್ಮಲ್ಲಿ ಮೀನು ಪಾಲು ಮಾಡೂದು ನೀವು ನೋಡೀರಿ, ಅಲ್ರಾ?" ಎಂದಳು.

ನೋಡಿದ್ದೆ. ಹಳ್ಳಕ್ಕೆ ಒಡ್ಡು ಕಟ್ಟಿ ಊರೆಲ್ಲ ಸೇರಿ ಮೀನು ಹಿಡಿದ ದಿನ ಬಾಳೆಲೆಯ ಮೇಲೆ ಮನೆಗೊಂದರಂತೆ ಗುಪ್ಪೆ ಹಾಕುತ್ತಾರೆ. ನೀರಿಗಿಳಿದವರಿಗೂ ಪಾಲು, ಜ್ವರ ಬಂದು ಮಲಗಿದವರಿಗೂ ಪಾಲು, ಬಾಣಂತಿ ಮನೆಗೂ ಪಾಲು. ಒಂದು ಸಲ ನನ್ನ ಕೋಣೆಗೂ ಒಂದು ಗುಪ್ಪೆ ಬಂದಿತ್ತು. ಕಾರವಾರದ ಹುಡುಗಿ ನಾನು, ಮೀನು ನೋಡಿ ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗಬಹುದು.

"ಬಂದವ್ರಿಗೂ ಪಾಲು, ಬರದೇ ಇದ್ದವ್ರಿಗೂ ಪಾಲು. ಪಾಲು ಇಲ್ಲ ಅಂದ್ರೆ ಆ ಮನೀನ ಕೂಟದಿಂದ ಹೊರಗೆ ಹಾಕದ್ರು ಅಂದೇ ಆಯ್ತು. ಶಾಲಿಯವ್ರು ನಮ್ಮ ಕೂಸನ್ನ ಹೊರಗೆ ಹಾಕದ್ರು ಅಂದೇಳಿ ತಿಳ್ಕಂಡ್ವು ನಾವು. ಅಕ್ಕಿಯೇನ್ ದೊಡ್ದಲ್ಲ. ಕೊಯ್ಲಿನ ಕೂಲಿ ಭತ್ತ ಮನೀಲಿ ಅದೆ."

ಹಾಗಲ್ಲ, ಹೊರಗೆ ಹಾಕಿಲ್ಲ, ನಾಳೆಯಿಂದಲೇ ಕಳಿಸು ಎಂದು ಬೇಡಿಕೊಂಡೆ. "ಹೇಳಿ ನೋಡ್ತೆ" ಎಂದಳು. ಸೋಮಿ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ, ಜೂನಿನಲ್ಲೂ ಇಲ್ಲ. ಎರಡು ವರ್ಷದ ಮೇಲೆ ನನಗೆ ತೋಡೂರಿನ ಕಡೆಗೆ ವರ್ಗವಾಯಿತು. ಹೊರಟ ದಿನ ಗದ್ದೆಯಲ್ಲಿ ಹೆಂಗಸರ ಸಾಲಿನಲ್ಲಿ ಅವಳನ್ನು ಕಂಡೆ. ಬೆನ್ನು ಬಗ್ಗಿಸಿ ಕೆಲಸ ಮಾಡುತ್ತಿದ್ದಳು, ದೊಡ್ಡವರ ಹಾಗೆ.

ಅಲ್ಲಿಂದ ಮುಂದೆ ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದೆನೋ! ಶಿಕ್ಷಕರ ತರಬೇತಿಯಲ್ಲಿ ಹೇಳಿದೆ, ಸಾಹೇಬರು ತಪಾಸಣೆಗೆ ಬಂದಾಗ ಚಹದ ಜತೆ ಹೇಳಿದೆ, ನನ್ನ ಬೀಳ್ಕೊಡುಗೆಯ ಸಭೆಯಲ್ಲೂ ಹೇಳಿದೆ. ದಿಲ್ಲಿಯ ನಿಯಮ ಹಾಜರಿ ನೋಡುತ್ತದೆ, ಹಳ್ಳಿಯ ನ್ಯಾಯ ಬಳಗ ನೋಡುತ್ತದೆ, ನಡುವೆ ಸಿಕ್ಕಿದ ಮಗು ಹಾಳಾಯಿತು ಎಂದು. ಎಲ್ಲರೂ ತಲೆದೂಗುತ್ತಿದ್ದರು. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಪಾಪ ಆ ಜನಕ್ಕೆ ತಿಳಿಯಲಿಲ್ಲ ಎಂದು ನಾನೂ ಕನಿಕರಪಡುತ್ತಿದ್ದೆ.

ಹೋದ ವಾರ ಮೆಟ್ಟಿಲ ಮೇಲೆ ನಿಂತಾಗ ಮಾತ್ರ ಆ ಕಥೆ ನೆನಪಾಗಲಿಲ್ಲ. ನಾನು ಯಾರಿಗೂ ಹೇಳದೆ ಬಿಟ್ಟದ್ದು ನೆನಪಾಯಿತು. ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ? ಅದೇ ತಿಂಗಳು ಬೇರೆ ಇಬ್ಬರು ಮಕ್ಕಳಿಗೂ ದಿನ ಕಮ್ಮಿ ಬಿದ್ದಿತ್ತು. ಅವರಿಗೆ ನಾನು ಗೀಟು ಎಳೆದಿದ್ದೆ, ನನ್ನ ಕೈಯಾರೆ, ಹೆಡ್ಮಾಸ್ತರರು ಹೇಳುವ ಮೊದಲೇ. ಸೋಮಿಗೆ ಎಳೆಯಲಿಲ್ಲ. ಯಾಕೆಂದರೆ ಅವಳ ಮೇಲೆ ನನಗೆ ಸಿಟ್ಟಿತ್ತು. ಕೊಯ್ಲಿನ ನಡುವೆ ಒಂದು ಶನಿವಾರ, "ಸೋಮವಾರ ಖಂಡಿತ ಬತ್ತೆ" ಎಂದಿದ್ದಳು. ನಾನು ಕಾರವಾರದಿಂದ ಅವಳಿಗೆಂದು ಕೆಂಪು ರಿಬ್ಬನ್ ತಂದು ದಿನಾ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಕೂತೆ. ಸೋಮವಾರ, ಮಂಗಳವಾರ, ಬುಧವಾರ. ಗುರುವಾರ ಸಂಜೆ ನೋಡಿದರೆ ಭತ್ತ ಬಡಿಯುವ ಕಳದಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬೇರೆ ಹುಡುಗಿಯರ ಜತೆ ಕೇಕೆ ಹಾಕಿ ನಗುತ್ತಿದ್ದಾಳೆ! ನನ್ನನ್ನು ಕಂಡವಳೇ ಹುಲ್ಲಿನ ಬಣವೆಯ ಹಿಂದೆ ಅಡಗಿದಳು. ಒಂಬತ್ತು ವರ್ಷದ ಮಗುವಿನ ಮೇಲೆ ನನಗೆ ಸಿಟ್ಟು ಬಂತು. ಇಡೀ ಊರಿನಲ್ಲಿ ನನ್ನ ಜತೆ ಮಾತಾಡುವ ಒಂದೇ ಒಂದು ಜೀವ ನಾನಿಲ್ಲದೆಯೂ ಸುಖವಾಗಿದೆ ಎಂದು ಸಿಟ್ಟು. ಆ ಎರಡು ದಿನ ಕಮ್ಮಿ ಬಿದ್ದದ್ದು ಹಾಗೆ.

ಭಾನುವಾರ ಬಸ್ಸು ಹತ್ತಿದೆ. ಈಗ ಕೊಪ್ಪದ ತನಕ ಡಾಂಬರು ರಸ್ತೆ. ಚಹದಂಗಡಿಯಲ್ಲಿ ಕೇಳಿದೆ. ಸೋಮಿ ಅದೇ ಊರಿನಲ್ಲೇ ಮದುವೆಯಾಗಿ ರಸ್ತೆಯ ಬದಿಗೇ ಮನೆ ಮಾಡಿದ್ದಾಳೆ, ತಾಯಿ ತೀರಿಕೊಂಡು ಆರು ವರ್ಷವಾಯಿತು ಎಂದರು. ಸೋಮಿ ಅಂಗಳದಲ್ಲಿ ಬಸಳೆ ಕಟ್ಟು ಕಟ್ಟುತ್ತಿದ್ದಳು, ನಾಳಿನ ಮಾರಾಟಕ್ಕೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ತಲೆ ಎತ್ತಿ ಒಂದು ಕ್ಷಣ ನೋಡಿ, "ಓಹೋ, ಅಕ್ಕೋರು!" ಎಂದಳು, ನಿನ್ನೆ ಬಿಟ್ಟು ಇವತ್ತು ಕಂಡ ಹಾಗೆ. ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಾಯಲ್ಲಿ ಚೂರುಚೂರಾಗಿ ಬಂತು.

"ಆ ಎರಡು ದಿನ ನಾನು ಹಾಕಬಹುದಿತ್ತು ಸೋಮಿ. ಬೇರೆಯವರಿಗೆ ಹಾಕಿದ್ದೆ. ನಿನ್ನ ಮೇಲೆ ಸಿಟ್ಟಿತ್ತು."

"ಗೊತ್ತಿತ್ತಲ್ರಾ" ಎಂದಳು, ಬಸಳೆಯಿಂದ ಕೈ ತೆಗೆಯದೆ.

"ಗೊತ್ತಿತ್ತಾ?"

"ಅಕ್ಕಿ ಕೊಡೂ ದಿವ್ಸ ನೀವು ನನ್ನ ಮಕ ನೋಡ್ಲೇ ಇಲ್ಲ. ಎಲ್ಲಾರ ಹೆಸ್ರು ಕರದ್ರಿ, ನಂಗೆ ಸೋಮಿ ಅಂತಾನೂ ಅನ್ಲಿಲ್ಲ. ಅವ್ವಿ ದಿನಾ ಹೋಗು ಹೋಗು ಅಂತಿತ್ತು. ಒಂದಿನ ಹೊಡೀತು ಸೈತ. ನಾನೇ ಹೋಗ್ಲಿಲ್ಲ."

"ಮತ್ತೆ ನಿನ್ನ ತಾಯಿ ಪಾಲಿನ ವಿಷಯ..."

"ಅದಾ?" ಸೋಮಿ ನಕ್ಕಳು. "ನಾನು ಒಳಗೇ ಇದ್ದೆ, ಕೇಳ್ತೇ ಇದ್ದೆ. ಅಕ್ಕೋರು ಮನೀ ತನಕ ಬಂದೀರು, ನಿಮ್ದೇ ತಪ್ಪು ಅಂದ್ರೆ ಅವ್ರಿಗೆ ಬೇಜಾರಾಗೂದಿಲ್ವಾ, ಅಂದೇಳಿ ಅವ್ವಿ ಹಾಂಗೆ ಹೇಳದ್ದು. ಸರಕಾರದ್ ಅಕ್ಕಿ ಯಾವ್ದು, ಊರ ಮೀನು ಯಾವ್ದು, ಅವ್ವಿಗೆ ತಿಳೀದೇ ಇತ್ತಾ?"

ನನಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸಿತು. ಆ ತಾಯಿ ನನ್ನ ಮಾನ ಉಳಿಸಲು ಆಡಿದ ಮಾತನ್ನು ಅವಳ ಅಜ್ಞಾನ ಎಂದು ನಾನು ಇಷ್ಟು ವರ್ಷ ಊರೂರಿಗೆ ಹಂಚಿಕೊಂಡು ಬಂದಿದ್ದೆ. ಅಳು ಬಂತು, ಅತ್ತುಬಿಟ್ಟೆ. ಸೋಮಿ ಸಮಾಧಾನ ಹೇಳಲಿಲ್ಲ, ಏನೂ ಆಗಿಲ್ಲ ಎಂದೂ ಹೇಳಲಿಲ್ಲ. ಕಟ್ಟು ಕಟ್ಟುವುದನ್ನು ಮಾತ್ರ ನಿಲ್ಲಿಸಿ ಕೂತಳು.

ಹೊರಡುವಾಗ ರಸ್ತೆಯ ತನಕ ಬಂದಳು. ಬರುವ ಭಾನುವಾರ ಮತ್ತೆ ಬರುತ್ತೇನೆ ಎಂದೆ, ಏನೋ ಒಂದು ಹೇಳಬೇಕಲ್ಲ ಎಂದು.

"ಖರೆ ಬರೂದಾದ್ರೆ ಹೇಳಿ" ಎಂದಳು ಸೋಮಿ, ನಗದೆ. "ನಾನು ಕಾಯ್ತೆ. ಬರದೇ ಇದ್ರೆ ನಂಗೂ ಸಿಟ್ಟು ಬತ್ತದೆ."

ಇವತ್ತು ಶನಿವಾರ. ನಾಳೆ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೊರಟಿದ್ದೇನೆ.