ಕಾದ ಹಾಸುಗಲ್ಲು

ಸಣ್ಣಬೀರಪ್ಪ ಹೇಡಿ. ಇದಕ್ಕಿಂತ ಮೃದುವಾಗಿ ಹೇಳಲು ಬರುವುದಿಲ್ಲ.

ಬಂದಳಿಕೆಯ ಹಳೆಯ ಗುಡಿಗಳ ಅಂಗಳದಲ್ಲಿ ಹುಲ್ಲು ಹೆರೆಯುವ ಕೂಲಿ ಅವನದು. ಎಚ್‌ಐವಿ ಇದೆಯೆಂದು ತಿಳಿದು ಹನ್ನೊಂದು ವರ್ಷ. ಗುರುತಿನವರು ಕಂಡಾರೆಂದು ಹತ್ತಿರದ ಶಿಕಾರಿಪುರ ಬಿಟ್ಟು ಸೊರಬದ ಆಸ್ಪತ್ರೆಯಿಂದ ಮಾತ್ರೆ ತರುತ್ತಾನೆ. ಅಲ್ಲಿನ ಸಾಲಿನಲ್ಲಿ ವಾಣಿಶ್ರೀ ಎಂಬ ಹೆಂಗಸು ಒಮ್ಮೆ ಕೇಳಿದ್ದಳು: "ಕಾಲಿಗೆ ನೆಲಾನೇ ಗೊತ್ತಾಗಲ್ಲ ನಂಗೆ. ನಿಮಗೂ ಹಂಗೇ ಆಗುತ್ತಾ?"

"ನಂಗೇನೂ ಆಗಿಲ್ಲ" ಎಂದು ಗೋಡೆಗೆ ಮುಖ ತಿರುಗಿಸಿದ.

ಆಗಿತ್ತು. ಡಾಕ್ಟರು ಅವನ ಕಣ್ಣು ಮುಚ್ಚಿಸಿ, "ಪಾದ ಮುಟ್ಟಿದೆ, ಗೊತ್ತಾಯ್ತಾ?" ಎಂದರು.

"ಹೂಂ ಸಾರ್."

ಅವರು ಮುಟ್ಟಿಯೇ ಇರಲಿಲ್ಲ. "ಸುಳ್ಳು ಹೇಳಿದ್ರೆ ನರ ವಾಪಸ್ ಬರಲ್ಲಪ್ಪ. ಕಾಯಿಲೆಯಿಂದಲೂ ಹಾಳಾಗುತ್ತೆ, ಹಳೇ ಮಾತ್ರೆಯಿಂದಲೂ. ರಕ್ತದ ಕೊಬ್ಬು ಬೇರೆ ಮಿತಿಮೀರಿದೆ, ಅದೂ ಕೈ ಜೋಡಿಸಿರಬಹುದು. ಬರಿಗಾಲಲ್ಲಿ ಓಡಾಡಬೇಡ. ಸುಟ್ಟರೂ ತಿಳಿಯಲ್ಲ, ಕಾಲೇ ಹೋಗಬಹುದು."

ಕಾಲು ಹೋಗುವುದಕ್ಕಿಂತ ಊರಿಗೆ ತಿಳಿಯುವುದಕ್ಕೇ ಅವನು ಹೆಚ್ಚು ಹೆದರಿದ.

ಬೇಸಿಗೆಯ ಮಧ್ಯಾಹ್ನ ಗುಡಿಯ ಮುಂದಿನ ಹಾಸುಗಲ್ಲು ರೊಟ್ಟಿ ಹಂಚಿನಂತೆ ಕಾಯುತ್ತದೆ. ಚಪ್ಪಲಿ ಬಿಟ್ಟು ಬಂದವರೆಲ್ಲ ಕುಣಿಯುತ್ತಲೇ ದಾಟುತ್ತಾರೆ. ಒಂದು ದಿನ ಅವನು ಬರಿಗಾಲಲ್ಲೇ ಅದರ ನಡುವೆ ನಿಂತು ನಿಧಾನವಾಗಿ ತಲೆಗೆ ವಸ್ತ್ರ ಸುತ್ತಿಕೊಂಡ. ಜೊತೆ ಕೂಲಿಯ ಚನ್ನೇಶ ನಕ್ಕ: "ಏನಲೇ ಬೀರಣ್ಣ, ಪಾದಕ್ಕೆ ಲಾಳ ಹೊಡೆಸೀಯೇನು? ಯಾವ ಕಾಯಿಲೆನೋ ಇದು!"

ಸಣ್ಣಬೀರಪ್ಪ ಲಗುಬಗೆಯಿಂದ ಹುಲ್ಲಿನ ಕಡೆ ಸರಿದ. ಅಂದಿನಿಂದ ಕಲ್ಲು ದಾಟುವಾಗ ಮೊದಲು ಬೇರೆಯವರ ಕಾಲು ನೋಡುತ್ತಾನೆ. ಅವರು ಕುಣಿದರೆ ತಾನೂ "ಅಯ್ಯಪ್ಪಾ" ಎಂದು ಕುಣಿಯುತ್ತಾನೆ.

ಕಳೆದ ಸೋಮವಾರ ಸೊರಬದ ಹೆಂಗಸರ ಗುಂಪೊಂದು ಬಂತು. ಎಲ್ಲರೂ ಕಿರುಚುತ್ತ ನೆರಳಿಗೆ ಓಡಿದರು. ಒಬ್ಬಳು ಮಾತ್ರ ಕಲ್ಲಿನ ನಡುವೆ ನಿಂತು ಗೋಪುರ ನೋಡುತ್ತಿದ್ದಳು. ವಾಣಿಶ್ರೀ.

"ಸುಡಲ್ವೇನೇ ನಿಂಗೆ?" ಗುಂಪಿನಿಂದ ಯಾರೋ ಕೂಗಿದರು.

ಅವಳ ಮುಖ ಬಿಳಿಚಿತು. ಸಣ್ಣಬೀರಪ್ಪ ಕಂಬದ ಮರೆಗೆ ಸರಿದ. ಇನ್ನೊಂದು ಗಳಿಗೆ ಕಳೆದರೆ ಎಲ್ಲರೂ ಅವಳ ಕಾಲನ್ನೇ ನೋಡುತ್ತಾರೆ, ಆಮೇಲೆ ಕೇಳುತ್ತಾರೆ. ಚನ್ನೇಶ ಆಗಲೇ ಕತ್ತು ಚಾಚಿದ್ದ.

ಸಣ್ಣಬೀರಪ್ಪ ಮರೆಯಿಂದ ಹೊರಬಂದು, ಕಲ್ಲಿನ ಮೇಲೆ ನಡೆದು, ಹುಲ್ಲು ಹೆರೆಯಲು ಹಾಕಿಕೊಂಡಿದ್ದ ತನ್ನ ರಬ್ಬರ್ ಚಪ್ಪಲಿಯನ್ನು ಅವಳ ಮುಂದೆ ಬಿಟ್ಟ. "ಹಾಕ್ಕಳ್ರಿ, ಅಮ್ಮಾ." ಬರಿಗಾಲಲ್ಲಿ ತಿರುಗಿ ಹೊರಟ.

"ಬೀರಣ್ಣಾ, ಕಾಲು!" ಚನ್ನೇಶ ಕೂಗಿದ.

ಅವನು ಕುಣಿಯಲಿಲ್ಲ. ಕಲ್ಲಿನ ನಟ್ಟನಡುವೆ ನಿಂತು, ಹೆಂಗಸರೆಲ್ಲ ತನ್ನ ಕಡೆ ತಿರುಗುವಷ್ಟು ಗಟ್ಟಿಯಾಗಿ ಹೇಳಿದ: "ನಂಗೆ ಸುಡಲ್ಲ ಕಣಲೇ."